ಅರವತ್ತಕ್ಕೆ ಕೋಡಿ

ಗಾಜು ತಣ್ಣಗಿದೆ, ನಿನ್ನೆಗಿಂತ ತಣ್ಣಗಿದೆ, ಬೆಳಗಿನ ಜಾವದಿಂದ ಸೋನೆ ಹಿಡಿದಿದೆಯಲ್ಲ ಅದಕ್ಕೇ ಇರಬೇಕು, ಅಂಗಾಲಿನಿಂದ ಜುಮ್ಮೆಂದು ಹತ್ತಿ ಮೊಣಕಾಲಿಗೆ ಬಂತು, ಆದರೂ ಅಲುಗಾಡಬಾರದು, ಅಲುಗಾಡಿದರೆ ಅಂಕಿ ನಿಲ್ಲೋದಿಲ್ಲ ಮಾವ ಎಂದು ಸೊಸೆ ಹೇಳಿದ್ದಾಳೆ, ತಮ್ಮಯ್ಯ ಉಸಿರು ಬಿಗಿಹಿಡಿದು ಎದುರಿನ ಬಚ್ಚಲುಮನೆಯ ಚಿಲಕವನ್ನೇ ನೋಡುತ್ತ ನಿಂತಿದ್ದಾನೆ — ಕೆಳಗೆ ನೋಡಬೇಕು, ನೋಡಲಿಕ್ಕೇ ಹತ್ತಿದ್ದು, ಆದರೆ ಚಿಲಕ ನೋಡುವುದೇ ಸುಖವಾಗಿದೆ. ಮೊದಲು ತೂಕ ಬರುತ್ತದೆ, ಬರಲಿ, ಅದರ ಗೊಡವೆ ಅವನಿಗಿಲ್ಲ, ಆಮೇಲೆ ಕೊಬ್ಬು, ಅದೂ ಬಂದು ಹೋಗಲಿ, ಕೊನೆಗೆ ಪುಟ್ಟದೊಂದು ಹನಿಯ ಚಿತ್ರ ಮೂಡಿ ಅದರ ಮಗ್ಗುಲಲ್ಲಿ ಬಂದು ಕೂರುವ ಅಂಕಿಯಿದೆಯಲ್ಲ, ಅದು — ಅದು ನೀರು, ಮೈಯಲ್ಲಿ ನೂರಕ್ಕೆ ಎಷ್ಟು ಪಾಲು ನೀರು ಎಂಬ ಲೆಕ್ಕ. ಐವತ್ತೈದು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ, ಕನ್ನಡಕ ಇಲ್ಲದಿದ್ದರೂ ಐವತ್ತೈದು ಐವತ್ತೈದೇ. ಮೊನ್ನೆ ಐವತ್ತನಾಲ್ಕಿತ್ತು, ಅದರ ಹಿಂದೆ ಐವತ್ಮೂರು, ಏರುತ್ತಲೇ ಇದೆ, ಇಳಿದ ದಿನ ಎಂಬುದೇ ಇಲ್ಲ. ಇಳಿದು, ಬಗ್ಗಿ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ — ಅಳತೆ ಸಾಮಾನಿಗೆ ಕಾಲು ತಾಕಿಸ್ಬಾರ್ದು ಕಣ್ಲಾ ಎನ್ನುತ್ತಿದ್ದಳು ಅವ್ವ, ಸೇರು ಬಳ್ಳಗಳನ್ನು ದಾಟಿದರೂ ಬೆನ್ನಿಗೊಂದು ಬೀಳುತ್ತಿತ್ತು, ಇದು ನೋಡಿದರೆ ತುಳಿದರೇ ಬಾಯಿ ಬಿಡುವ ಅಳತೆ, ಏನು ಹೇಳೋಣ ಕಾಲಕ್ಕೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ತೂಕ ನೋಡುವ ಆ ಗಾಜಿನ ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಏನೂ ಆಗದವನ ಹಾಗೆ ಪಂಚೆ ಸರಿಮಾಡಿಕೊಂಡು, ಹಜಾರದ ಕುರ್ಚಿಯಲ್ಲಿ ಕೂತ.

ಆ ಹಲಗೆಯನ್ನು ಮನೆಗೆ ತಂದವಳು ರಂಜಿನಿ, ಚನ್ನರಾಯಪಟ್ಟಣದ ಹುಡುಗಿ, ಮಗ ರವೀಶನ ಹೆಂಡತಿ. ಅವಳ ತಮ್ಮನ ಮದುವೆ ಗೊತ್ತಾಗಿತ್ತು, ಹಳೆಯ ರವಿಕೆ ಒಂದೂ ಮೈಗೆ ಹತ್ತುತ್ತಿಲ್ಲ, ಕೊಬ್ಬು ಇಳಿಸಬೇಕು ಎಂದು ಹಟ ಹಿಡಿದು ತರಿಸಿದಳು, ಡಬ್ಬಿ ಬಿಚ್ಚಿದ ದಿನ ಮನೆಯಲ್ಲಿ ಹಬ್ಬ, ಬನ್ನಿ ಮಾವ ನಿಂತ್ಕಳಿ, ಬರಿಗಾಲಲ್ಲಿ ನಿಂತ್ರೆ ಸಾಕು, ತೂಕ ಒಂದೇ ಅಲ್ಲ, ಮೈಯೊಳಗೆ ಕೊಬ್ಬೆಷ್ಟು ನೀರೆಷ್ಟು ಎಲ್ಲಾ ಏಳ್ಬುಡ್ತದೆ. ನೀರಾ, ಎಂದಿದ್ದ ತಮ್ಮಯ್ಯ. ಊಂ ಮಾವ, ನೀರೂ ಏಳ್ತದೆ, ಎಂದು ಅವಳು ಅವನ ವಯಸ್ಸು ಎತ್ತರ ಎಲ್ಲ ಫೋನಿನಲ್ಲಿ ಒತ್ತಿ, ಇದ್ರ ಲೆಕ್ಕದಲ್ಲಿ ನೀವು ಎರಡ್ನೇ ನಂಬರು ಎಂದು ಹೇಳಿದಳು. ಕಾಲು ತೊಳೆದು, ಟವೆಲಿನಲ್ಲಿ ಒರೆಸಿ, ಬಲಗಾಲು ಮೊದಲಿಟ್ಟು ಹತ್ತಿದ. ಐವತ್ತು. ಅಷ್ಟರಲ್ಲಿ ದೋಸೆ ತಣ್ಣಗಾಗ್ತದೆ ಬರ್ರೋ ಎಂದು ಹೆಂಡತಿ ವಿಜಯಮ್ಮ ಕೂಗಿದಳು, ಎಲ್ಲರೂ ಒಳಗೆ ಹೋದರು, ಅವನೊಬ್ಬನೇ ಅಲ್ಲಿ ನಿಂತಿದ್ದ, ಐವತ್ತು ಅಂದರೆ ಅರ್ಧ, ಸೊಂಟದಿಂದ ಕೆಳಗೆಲ್ಲ ನೀರು, ಒಳಗೆ ಕಳಕ್ ಎಂದ ಹಾಗೂ ಆಯಿತು. ಮನೆಯವರು ದೋಸೆ ತಿನ್ನುತ್ತಿದ್ದರು. ಅಂಕಿ ನೋಡಿದ ರಂಜಿನಿ ಕೂಡ ಏನೂ ಅನ್ನಲಿಲ್ಲ, ಪಾಪ, ಹೊಸ ಹುಡುಗಿ, ಅವಳಿಗೆ ಅಣ್ಣ ಚಿಕ್ಕಬೀರಯ್ಯನ ವಿಷಯ ಏನು ಗೊತ್ತು. ಕೇಳಬಹುದಿತ್ತು. ಕೇಳಿದರೆ ಹೇಳುತ್ತಾರೆ, ಹೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಬಿಳಿ ಕೋಟಿನವನೊಬ್ಬ ಬಂದು ಮೊಣಕಾಲ ಕೆಳಗೆ ಹೆಬ್ಬೆರಳು — ಬೇಡ. ಕಾಫಿ ಬರುತ್ತಿದೆ, ಲೋಟದ ಸದ್ದು, ಮುಖ ಸರಿಮಾಡಿಕೊ ತಮ್ಮಯ್ಯ.

ತಗಳಿ ಮಾವ, ಎಂದು ರಂಜಿನಿ ಕಾಫಿ ಲೋಟವನ್ನೂ ಒಂದು ದೊಡ್ಡ ಲೋಟ ಬಿಸಿನೀರನ್ನೂ ಇಟ್ಟು ಕಣ್ಣೆತ್ತಿ ನೋಡದೆ ಹೋದಳು. ಮುಂಚೆ ಹೀಗಿರಲಿಲ್ಲ, ಕೂತು ನಾಲ್ಕು ಮಾತಾಡುತ್ತಿದ್ದಳು, ಮಾವ ಇವತ್ತು ಡ್ಯಾಮು ಎಷ್ಟು ತುಂಬಿದೆಯಂತೆ ಎಂದು ಅವನ ಖುಷಿಗೇ ಕೇಳುತ್ತಿದ್ದಳು. ಪೇಪರು ಮಡಿಲಲ್ಲಿದೆ, ಮೊದಲ ಪುಟ ಬಿಟ್ಟು ನೇರವಾಗಿ ಜಲಾಶಯಗಳ ಮಟ್ಟ ಕೊಡುವ ಮೂಲೆಗೆ ಕಣ್ಣು ಹೋಗುತ್ತದೆ, ಹೇಮಾವತಿ ಭರ್ತಿಗೆ ಇನ್ನೇನು ಒಂದಡಿಯಷ್ಟೇ, ಒಳಹರಿವು ಜಾಸ್ತಿ, ಹೊರಹರಿವು ಕಮ್ಮಿ, ಇವತ್ತು ನಾಳೆ ಗೇಟು ಎತ್ತುತ್ತಾರೆ. ಸರ್ವೀಸೆಲ್ಲ ಆ ಡ್ಯಾಮಿರುವ ಗೊರೂರಿನಲ್ಲೇ ಕಳೆದವನು ತಮ್ಮಯ್ಯ, ಇಲಾಖೆಯ ಕ್ವಾರ್ಟರ್ಸಿನಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಟು, ಮಳೆ ಇರಲಿ ಚಳಿ ಇರಲಿ, ಕಟ್ಟೆಯ ಮೇಲೆ ನಡೆದು, ಗೋಡೆಯ ಮೇಲೆ ಬರೆದ ಗೇಜಿನ ಗೀಟು ನೀರಿಗೆ ಎಲ್ಲಿ ಮುಟ್ಟಿದೆ ಎಂದು ಐದು ಸೆಲ್ಲಿನ ಟಾರ್ಚು ಬಿಟ್ಟು ನೋಡಿ, ಫೋನು ತಿರುಗಿಸಿ, ಸಾ, ಇವತ್ತು ಇಷ್ಟೈತೆ ಸಾ, ಎಂದು ಹೇಳಿಬಿಟ್ಟರೆ ಅವನ ಕೆಲಸ ಮುಗಿಯಿತು. ನೀರು ಏರಿದರೆ ಏನು ಮಾಡಬೇಕೆಂಬುದು ಸಾಹೇಬರ ತಲೆನೋವು. ಈಗ ಹಾಸನದ ಸಾಲಗಾಮೆ ರಸ್ತೆಯ ಈ ಮನೆಯಲ್ಲೂ ಆರಕ್ಕೆ ಎಚ್ಚರವಾಗುತ್ತದೆ, ಎದ್ದು ಇನ್ನೊಂದು ಗೇಜು ನೋಡುತ್ತಾನೆ, ಆದರೆ ನೋಡಿದ್ದನ್ನು ಯಾರಿಗೆ ಹೇಳುವುದು, ಯಾವ ಸಾಹೇಬರು ಗೇಟು ಎತ್ತಿಸುತ್ತಾರೆ. ಅರವತ್ತು ಎಂದು ಅವನೇ ಒಂದು ಗುರುತು ಹಾಕಿಕೊಂಡಿದ್ದಾನೆ, ಯಾರೂ ಹೇಳಿದ್ದಲ್ಲ, ಕೆರೆಗೊಂದು ಕೋಡಿ ಇರುವಂತೆ ಮೈಗೂ ಒಂದು ಇರಬೇಕಲ್ಲ, ಅರವತ್ತಕ್ಕೆ ಕೋಡಿ, ಅಲ್ಲಿಗೆ ಮುಗಿಯಿತು. ಇನ್ನು ಐದೇ ಬಾಕಿ.

ಅಣ್ಣನಿಗೂ ಹೀಗೇ ಏರಿತ್ತು, ಅಳೆಯುವವರು ಇರಲಿಲ್ಲ ಅಷ್ಟೇ. ಚಿಕ್ಕಬೀರಯ್ಯ, ಅರಕಲಗೂಡಿನ ಕಡೆ ಊರಿನಲ್ಲಿ ಹೊಲ ಮಾಡಿಕೊಂಡಿದ್ದವನು, ಒಣಗಿದ ಜಾಲಿಮರದಂಥ ಆಳು, ಒಂದು ವರ್ಷ ಇದ್ದಕ್ಕಿದ್ದಂತೆ ಕೆನ್ನೆ ತುಂಬಿಕೊಂಡು, ಮೈಕೈ ತುಂಬಿಕೊಂಡು, ನೋಡಿದವರೆಲ್ಲ ಏನ್ ಬೀರಣ್ಣ, ಸೊಸೇರು ಚೆನ್ನಾಗಿ ಇಕ್ತಾವ್ರೆ ಅಂತ ಕಾಣ್ತದೆ, ಮದ್ವೆ ಗಂಡಿನಂಗೆ ಆಗೋಗಿದ್ದೀಯಲ್ಲ ಎಂದರು, ಅಣ್ಣನೂ ನಕ್ಕ, ಅತ್ತಿಗೆಯೂ ಹೆಮ್ಮೆಪಟ್ಟಳು, ದೃಷ್ಟಿಯಾಗದಿರಲಿ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಆಮೇಲೆ ಚಪ್ಪಲಿ ಹಿಡಿಸಲಿಲ್ಲ. ದೊಡ್ಡದು ತಂದರು, ಅದೂ ಹಿಡಿಸಲಿಲ್ಲ. ಹಾಸನಕ್ಕೆ ಕರೆದುಕೊಂಡು ಬಂದದ್ದು ತಮ್ಮಯ್ಯನೇ, ಡಾಕ್ಟರು ಬೆಂಚಿನ ಮೇಲೆ ಕಾಲು ಚಾಚಿಸಿ, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು, ಒತ್ತಿ, ತೆಗೆದರು — ಗುಳಿ. ಹೆಬ್ಬೆರಳಿನಷ್ಟೇ ಅಗಲದ ಗುಳಿ, ಬೆರಳು ತೆಗೆದ ಮೇಲೂ ಹಾಗೇ ಇತ್ತು, ಚರ್ಮ ಮೇಲೇಳಲೇ ಇಲ್ಲ. ಮೂವರೂ ಅದನ್ನೇ ನೋಡುತ್ತಿದ್ದರು. ನೋಡ್ಲಾ ತಮ್ಮಯ್ಯ, ಎಂದ ಅಣ್ಣ, ಅವನ ಬಾಯಿಗೆ ಎಂದೂ ಬೀಗವಿರಲಿಲ್ಲ, ಇದ್ರೊಳಕ್ಕೆ ಒಂದು ತೊಟ್ಟು ಎಣ್ಣೆ ಉಯ್ದು ಬತ್ತಿ ಆಕುದ್ರೆ ದೀಪ ಅಚ್ಬೋದು ಕಣ್ಲಾ. ತಮ್ಮಯ್ಯನಿಗೆ ನಗು ಬಂದುಬಿಟ್ಟಿತ್ತು, ಡಾಕ್ಟರು ನಗಲಿಲ್ಲ. ಮೈಗೆ ನೀರು ತುಂಬಿದೆ, ಕಿಡ್ನಿ ಎರಡೂ ಹೋಗಿವೆ, ತಡಮಾಡಿಬಿಟ್ರಿ ಎಂದರು. ಆ ವರ್ಷ ದೀಪಾವಳಿಗೆ ಅಣ್ಣ ಇರಲಿಲ್ಲ.

ಕಾಫಿ ಆರುತ್ತಿದೆ, ಕೆನೆ ಕಟ್ಟುತ್ತಿದೆ, ಎಂಥ ವಾಸನೆ ಅಯ್ಯಪ್ಪ, ಚಿಕೋರಿ ಕಮ್ಮಿ ಹಾಕಿ ಅವನಿಗೆಂದೇ ಮಾಡುತ್ತಾಳೆ. ಕುಡಿಯುವಂತಿಲ್ಲ. ಗೇಟು ಎತ್ತುವುದು ಕೈಯಲ್ಲಿಲ್ಲದಿದ್ದರೆ ಒಳಹರಿವನ್ನಾದರೂ ನಿಲ್ಲಿಸಬೇಕು, ಇಷ್ಟು ವರ್ಷ ನೀರಿನ ಇಲಾಖೆಯ ಅನ್ನ ತಿಂದವನಿಗೆ ಅಷ್ಟು ತಿಳಿಯದೆ — ಮೊದಲು ರಾತ್ರಿಯ ಮಜ್ಜಿಗೆ ಬಿಟ್ಟ, ಆಮೇಲೆ ಎರಡನೇ ಕಾಫಿ, ಆಮೇಲೆ ಮೊದಲನೆಯದನ್ನೂ, ನೀರು ಬಾಯಿ ಒದ್ದೆ ಮಾಡಿಕೊಳ್ಳಲು ಮಾತ್ರ. ಸಾರು ಬಿಟ್ಟ, ಸಾರು ಬಿಟ್ಟ ಮೇಲೆ ಮುದ್ದೆ ಗಂಟಲಲ್ಲಿ ಇಳಿಯುತ್ತದೆಯೇ, ಮುದ್ದೆಯನ್ನೂ ಬಿಟ್ಟ, ಒಣಚಪಾತಿಗೆ ಹುಚ್ಚೆಳ್ಳು ಪುಡಿ ಮುಟ್ಟಿಸಿಕೊಂಡು ಎರಡು ತುತ್ತು ತಿಂದು ಎದ್ದುಬಿಡುವುದು. ಹಸಿವಿಗಿಂತ ಬಾಯಾರಿಕೆ ಕೆಟ್ಟದ್ದು, ಮಧ್ಯಾಹ್ನದ ಹೊತ್ತಿಗೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಪಕ್ಕದ ಮನೆಯವರು ಗಿಡಕ್ಕೆ ಪೈಪು ಹಿಡಿದರೂ ಹೊಟ್ಟೆಕಿಚ್ಚು. ಬಚ್ಚಲಿಗೆ ಹೋಗಿ ಬಂದದ್ದನ್ನು ಹೊರಹರಿವು ಎಂದು ಮನಸ್ಸಿನಲ್ಲೇ ಲೆಕ್ಕ ಹಿಡಿಯುತ್ತಾನೆ, ಒಳಗೆ ಬಿಡದಿದ್ದರೆ ಹೊರಗೆ ಎಲ್ಲಿಂದ ಬರಬೇಕು, ಅದೂ ಕಮ್ಮಿಯಾಯಿತು, ಕಮ್ಮಿಯಾದ್ದರಿಂದ ಇನ್ನಷ್ಟು ಹೆದರಿಕೆ. ಇಷ್ಟೆಲ್ಲ ಮಾಡಿದರೂ ಅಂಕಿ ಏರುತ್ತಲೇ ಇದೆ, ಮಳೆಯೇ ಇಲ್ಲದೆ ತುಂಬುವ ಡ್ಯಾಮು ಯಾವುದಪ್ಪ ಇದು. ನಿನ್ನೆ ಸಂಜೆ ವಿಜಯಮ್ಮ ಹತ್ತಿರ ಬಂದು ಪಿಸುಗುಟ್ಟಿದಳು, ಏನೂಂದ್ರೆ, ಆ ಹುಡ್ಗಿ ಒಳಗೊಳಗೇ ಅಳ್ತಾವ್ಳೆ, ಬಸ್ಸಾರು ಮಾಡುದ್ರೆ ಬಟ್ಲು ಪಕ್ಕಕ್ಕೆ ತಳ್ತೀರ, ಕಾಫಿ ಕೊಟ್ರೆ ಮೊಕ ತಿರುಗುಸ್ತೀರ, ಮಾವಂಗೆ ನನ್ನ ಕೈ ಅಡ್ಗೆ ಸೇರಾಕಿಲ್ಲ ಕಣತ್ತೆ ಅಂತಾಳೆ, ಅದೇನ್ ಬಂದೈತೆ ನಿಮಗೆ. ಹೊಟ್ಟೆ ಸರಿಯಿಲ್ಲ ಎಂದ. ಒಂದ್ ತಿಂಗಳಿಂದ್ಲಾ, ಎಂದಳು. ತಮ್ಮಯ್ಯ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ.

ಎದ್ದು ವರಾಂಡಕ್ಕೆ ಬಂದ, ಲೋಟಗಳೆರಡನ್ನೂ ಹಿಡಿದು, ಕುಡಿಯುತ್ತ ಮಳೆ ನೋಡುವವನಂತೆ. ದಾಸವಾಳದ ಕುಂಡ ಮೂಲೆಯಲ್ಲಿದೆ, ಸೊಂಪಾಗಿದ್ದ ಗಿಡ, ಈಗ ಎಲೆ ಹಳದಿ ಬಂದು ಒಂದೊಂದೇ ಉದುರುತ್ತಿವೆ, ದಿನಾ ಅವನ ಪಾಲಿನ ಕಾಫಿ, ಬಿಸಿನೀರು, ಮಜ್ಜಿಗೆ ಎಲ್ಲ ಅದರ ಬುಡಕ್ಕೇ ಹೋಗುತ್ತದೆ, ಪಾಪದ ಗಿಡ, ನನ್ನ ಬದಲು ನಿನಗೆ ನೀರು ತುಂಬುತ್ತಿದೆ. ಸುತ್ತ ನೋಡಿ ಸುರಿದ. ಹೋದ ವಾರ ಗೊರೂರಿಗೂ ಹೋಗಿಬಂದ, ಯಾರಿಗೂ ಹೇಳದೆ, ಬಸ್ಸು ಹತ್ತಿ, ಜೊತೆಯಲ್ಲಿ ಕೆಲಸ ಮಾಡಿದ ಸಿದ್ದೇಶ್ವರ ಅಲ್ಲೇ ಇದ್ದಾನೆ, ಅವನ ಕೈಗೆ ಐದು ಸೆಲ್ಲಿನ ಟಾರ್ಚು ಕೊಟ್ಟು, ಇಟ್ಕೊಳಪ್ಪ, ನಂಗ್ಯಾಕೆ ಇನ್ನು ಎಂದ. ಸಿದ್ದೇಶ್ವರ ಟಾರ್ಚನ್ನು ತಿರುಗಿಸಿ ಮುರುಗಿಸಿ ನೋಡಿದ, ಲೇ ತಮ್ಮಯ್ಯ, ಈ ಟಾರ್ಚು ಮುಟ್ಟುದ್ರೆ ಕೈ ಕಡಿಯೋನು ನೀನು, ಇವತ್ತೇನ್ಲಾ ಇಂಗೆ ದಾನಶೂರ ಆಗ್ಬುಟ್ಟೆ, ಎಂದು ನಕ್ಕ. ನಕ್ಕವನ ಮುಖ ಆಮೇಲೆ ಚಿಕ್ಕದಾಯಿತು, ಬಸ್ಸು ಹೊರಡುವವರೆಗೂ ಕಿಟಕಿ ಕಂಬಿ ಹಿಡಿದುಕೊಂಡೇ ನಿಂತಿದ್ದ. ಅದೊಂದು ಕೆಲಸ ಮುಗಿಯಿತು ಎಂದುಕೊಂಡಿದ್ದ ತಮ್ಮಯ್ಯ, ವಿಜಯಮ್ಮನಿಗೆ ಹೇಳುವುದೊಂದು ಬಾಕಿ, ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ, ಕೊನೆಗಾಲದಲ್ಲಿ ಅಣ್ಣನ ಕಾಲು ಒತ್ತುತ್ತ ಕೂತಿದ್ದವಳು ಅವಳೂ, ಅವಳೂ ಆ ಗುಳಿ ನೋಡಿದ್ದಾಳೆ. ಅವನ ಕಾಲು ಇಲ್ಲೇ ಇದೆ, ಪಂಚೆಯ ಕೆಳಗೆ, ಬಗ್ಗಿದರೆ ಕೈಗೆ ಸಿಗುತ್ತದೆ, ಹೆಬ್ಬೆರಳೂ ಇದೆ, ಒತ್ತಿ ನೋಡಿದರೆ ಒಂದು ನಿಮಿಷದ ಕೆಲಸ, ಎಷ್ಟೋ ಸಲ ಪಂಚೆ ಎತ್ತಿದ್ದಾನೆ, ಎತ್ತಿ ಹಾಗೇ ಬಿಟ್ಟಿದ್ದಾನೆ, ಗಾಜಿನ ಅಂಕಿಯನ್ನು ದಿನಾ ನೋಡುವ ಗಂಡಸಿಗೆ ತನ್ನ ಕಾಲನ್ನು ಮುಟ್ಟುವ ಧೈರ್ಯವಿಲ್ಲ. ಅಯ್ಯೋ ಅಯ್ಯೋ, ಎಂದಿತು ಬೆನ್ನ ಹಿಂದೆ ವಿಜಯಮ್ಮನ ದನಿ, ಅಲ್ಲಾ, ಗಿಡ ಯಾಕೆ ಕೊಳೀತಾ ಐತೆ ಅಂತ ದಿನಾ ತಲೆ ಕೆಡುಸ್ಕಂತಿದ್ದೆ, ನೀವಾ ಈ ಕೆಲ್ಸ ಮಾಡ್ತಿರೋದು!

ಕೈಯಲ್ಲಿ ಖಾಲಿ ಲೋಟ, ಕುಂಡದಲ್ಲಿ ಕಾಫಿಯ ನೊರೆ, ಇನ್ನು ಸುಳ್ಳು ಹೇಳುವುದಾದರೂ ಏನು. ವಿಜಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ, ಬಾಗಿಲ ಹಿಂದೆ ರಂಜಿನಿಯೂ ಬಂದು ನಿಂತಳು, ಅವಳ ಕಣ್ಣು ಕುಂಡದ ಮೇಲೆ, ಆ ಕಣ್ಣು ತುಂಬುತ್ತಿರುವುದು ಅವನಿಗೆ ಕಾಣುತ್ತಿದೆ — ಇಲ್ಲ ಮಗ, ನಿನ್ನ ಕಾಫಿ ಅಲ್ಲ ಕಣವ್ವ, ಎನ್ನಬೇಕು, ಅಷ್ಟರಲ್ಲಿ ಗೇಟಿನ ಸದ್ದು, ಕ್ರೀಡಾಂಗಣದಲ್ಲಿ ಓಡಿ ಮಳೆಯಲ್ಲಿ ನೆನೆದು ರವೀಶ ಬಂದ. ಹೊಳೆನರಸೀಪುರದ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು ಅವನು, ಮೈಯಲ್ಲಿ ಒಂದು ಹಿಡಿ ಬೊಜ್ಜಿಲ್ಲ, ಗೋಡೆಗೆ ಬಡಿದರೆ ಗೋಡೆಗೇ ನೋವು. ಇವರ ಮುಖಗಳನ್ನು ನೋಡಲೂ ಇಲ್ಲ, ನೇರ ಹಜಾರಕ್ಕೆ ನುಗ್ಗಿ ನೀರಿನ ಬಾಟಲಿ ಎತ್ತಿಕೊಂಡು, ಒದ್ದೆ ಕಾಲು ಒರೆಸಿ, ಗಾಜಿನ ಹಲಗೆ ಕೆಳಗೆ ಹಾಕಿ ಹತ್ತಿಯೇಬಿಟ್ಟ, ರಂಜಿನೀ ನೋಡು, ಇವತ್ತು ಎಷ್ಟು ಇಳ್ದಿದ್ದೀನಿ, ಎಂದ. ತಮ್ಮಯ್ಯ ಮಗನ ಪಕ್ಕಕ್ಕೆ ಯಾವಾಗ ಬಂದನೋ, ಅವನ ಕಣ್ಣು ಕೆಳಗೇ ಇದೆ, ತೂಕ ಬಂತು, ಕೊಬ್ಬು ಬಂತು, ಹನಿ ಮೂಡಿತು. ಐವತ್ತೊಂಬತ್ತು. ಹಜಾರದಲ್ಲಿದ್ದ ಗಾಳಿಯೆಲ್ಲ ಹೊರಗೆ ಹೋಯಿತು. ಐವತ್ತೊಂಬತ್ತು, ತನಗಿಂತ ನಾಲ್ಕು ಜಾಸ್ತಿ, ಕೋಡಿಗೆ ಒಂದು ಬಾಕಿ, ಮೂವತ್ತನಾಲ್ಕರ ಹುಡುಗ, ಮೊದಲು ಇವನ ದೊಡ್ಡಪ್ಪ, ಆಮೇಲೆ ನಾನು, ನಾನು ಹೋದರೆ ಹೋಗಲಿ ಸ್ವಾಮಿ, ಇವನಿಗೂ ಯಾಕೆ, ಇವನಿಗೂ ಯಾಕೆ — ರವೀಶ ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಎತ್ತಿದ, ತಮ್ಮಯ್ಯನ ಕೈ ತಾನಾಗಿಯೇ ಬೀಸಿತು, ಬಾಟಲಿ ಹಾರಿ ಗೋಡೆಗೆ ಬಡಿಯಿತು. ಕುಡೀಬ್ಯಾಡ ಕಣ್ಲಾ, ಒಂದ್ ತೊಟ್ಟೂ ಕುಡೀಬ್ಯಾಡ, ಎಂದು ಕಿರುಚಿದ, ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ, ನಿಂಗೂ ತುಂಬ್ಕಂಡೈತೆ ಕಣ್ಲಾ, ನಿಮ್ಮ ದೊಡ್ಡಪ್ಪಂಗೆ ತುಂಬ್ಕಂಡಂಗೆ, ನಂಗೆ ತುಂಬ್ಕಂಡಂಗೆ. ನೀರು ನೆಲದ ಮೇಲೆ ಹರಡಿ ಎಲ್ಲರ ಕಾಲ ಬಳಿಗೂ ಬಂತು.

ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಬಂತು, ಐವತ್ತು, ಐವತ್ಮೂರು, ಐವತ್ತೈದು, ಅಣ್ಣನ ಚಪ್ಪಲಿ, ಡಾಕ್ಟರು, ಮಜ್ಜಿಗೆ, ಬಸ್ಸಾರು, ದಾಸವಾಳ, ಟಾರ್ಚು ಕೂಡ, ನಿಲ್ಲಿಸಲು ಆಗುತ್ತಲೇ ಇಲ್ಲ, ಹೇಳುತ್ತ ಹೇಳುತ್ತ ಅವನು ಅಲ್ಲೇ ಕುರ್ಚಿಯಲ್ಲಿ ಕುಸಿದ. ಮೊದಲು ಸದ್ದು ಮಾಡಿದವಳು ರಂಜಿನಿ, ಅದು ಅಳುವೋ ನಗುವೋ ಅವಳಿಗೇ ಗೊತ್ತಾಗದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು, ಮಾವ, ಎಂದಳು, ಅಯ್ಯೋ ಮಾವ, ಎಲ್ಲಾರ ಮೈಯಲ್ಲೂ ಅರ್ಧಕ್ಕರ್ಧ ನೀರೇ ಇರೋದು, ರಕ್ತ ಅಂದ್ರೆ ನೀರಲ್ವಾ, ಮಾಂಸ ಅಂದ್ರೆ ನೀರಲ್ವಾ, ಅದು ಇರ್ಬೇಕಾದ್ ನೀರು ಮಾವ, ಜಾಸ್ತಿ ಇದ್ದಷ್ಟೂ ಒಳ್ಳೇದೇಯ, ನಂದು ನೋಡಿ, ಎಂದು ತಾನೇ ಹತ್ತಿ ನಿಂತಳು, ನಲವತ್ತೇಳು, ಇದನ್ನ ಐವತ್ತು ಮಾಡ್ಬೇಕು ಅಂತಾನೇ ನಾನು ದಿನಾ ಒದ್ದಾಡ್ತಿರೋದು, ನಿಮ್ಮಗ ಓಡ್ತಾರೆ, ಮೈಯೆಲ್ಲಾ ಮಾಂಸ, ಅದ್ಕೇ ಅವರ್ದು ಐವತ್ತೊಂಬತ್ತು. ಅತ್ತೇ ಬನ್ನಿ ನೀವೂ. ನಾನೇನ್ ಹತ್ತಿ ಮೂಟೆನಾ ತೂಗಾಕೆ ಎಂದು ತಿಂಗಳಿಂದ ಮೂಗು ಮುರಿಯುತ್ತಿದ್ದ ವಿಜಯಮ್ಮ ಇವತ್ತು ಮರುಮಾತಿಲ್ಲದೆ ಹತ್ತಿದಳು, ರಂಜಿನಿ ಫೋನಿನಲ್ಲಿ ಏನೇನೋ ಒತ್ತಿದಳು, ನಲವತ್ತನಾಲ್ಕು ಬಂತು. ನಂದ್ಯಾಕೆ ಎಲ್ರಿಗಿಂತ ಕಮ್ಮಿ, ಎಂದಳು ವಿಜಯಮ್ಮ ಕಣ್ಣೊರೆಸಿಕೊಳ್ಳುತ್ತಲೇ, ಆ ಗಲಾಟೆಯಲ್ಲೂ ಅವಳಿಗೆ ಅದೊಂದು ಅವಮಾನ. ಆದ್ರೂ ದಿನಾ ಏರ್ತಿತ್ತಲ್ಲ ಮಗ, ನೀರು ಮುಟ್ದೇ ಇದ್ರೂ ಏರ್ತಿತ್ತಲ್ಲ, ಎಂದ ತಮ್ಮಯ್ಯ, ಇನ್ನೂ ನಂಬಲು ಭಯ. ನೀವು ಊಟ ಬಿಟ್ರಲ್ಲ ಮಾವ, ಕೊಬ್ಬು ಕರಗ್ತು, ಕೊಬ್ಬಲ್ಲಿ ನೀರು ನಿಲ್ಲಾಕಿಲ್ಲ, ಅದು ಕಮ್ಮಿಯಾದಷ್ಟೂ ನೀರಿನ ಪಾಲು ಜಾಸ್ತಿಯಾಗ್ತದೆ, ಎಂದಳು. ಹೂಳು, ಎಂದುಕೊಂಡ ತಮ್ಮಯ್ಯ. ತೊಡೆ ತಟ್ಟಿಕೊಳ್ಳಬೇಕೆನ್ನಿಸಿತು, ಹೂಳು ಕಣಯ್ಯಾ, ಜನ್ಮವೆಲ್ಲ ಕಟ್ಟೆಯ ಮೇಲೆ ನಿಂತು ಹೂಳು ತೆಗೆದ್ರೆ ನೀರಿಗೆ ಜಾಗ ಆಗ್ತದೆ ಎಂದು ಹೋಗಿಬರುವ ಸಾಹೇಬರಿಗೆಲ್ಲ ಬುದ್ಧಿ ಹೇಳಿದವನಿಗೆ ತನ್ನ ಹೊಟ್ಟೆಯ ಹೂಳು ತಿಳಿಯಲಿಲ್ಲ.

ದೊಡ್ಡಪ್ಪಂದು ಬೇರೆ ಕಣಪ್ಪ, ಎಂದ ರವೀಶ ಮೆಲ್ಲಗೆ, ನೆಲದ ನೀರಿನಲ್ಲೇ ಮಂಡಿಯೂರಿ ಕೂತು, ಅವರಿಗೆ ಕಿಡ್ನಿ ಕೆಟ್ಟು ನೀರು ಹೊರಕ್ಕೋಗ್ದೆ ಕಾಲು ಊದ್ಕಂತು, ನಿಂಗೆ ಕಾಲು ಊದೈತಾ, ಮೊನ್ನೆ ತಾನೆ ಚಪ್ಲಿ ಸಡ್ಲ ಆಯ್ತು ಅಂತ ಬದಲಾಯ್ಸ್ಕಂಡು ಬರ್ಲಿಲ್ವಾ ನೀನು. ಹೌದಲ್ಲ. ಚಿಕ್ಕ ನಂಬರಿನದು ತಂದಿದ್ದ, ಅಂಗಡಿಯವನು ಸಾ ಕಾಲು ಸಣ್ಣ ಆಗ್ಬುಟ್ಟದೆ ಎಂದೂ ಅಂದಿದ್ದ, ಅದು ತಲೆಗೆ ಹೋಗಲೇ ಇಲ್ಲ, ಹೆದರಿದವನ ಮೇಲೆ ಹಗ್ಗ ಎಸೆದರೂ ಹಾವು. ಒತ್ತಿ ನೋಡ್ಕಂಡಾ, ಎಂದು ಕೇಳಿದ ಮಗ. ತಮ್ಮಯ್ಯ ತಲೆಯಾಡಿಸಿದ, ಇಲ್ಲ. ರವೀಶ ಅಪ್ಪನ ಮುಖ ನೋಡಿದ, ಪಂಚೆಗೆ ಕೈ ಹಾಕಲಿಲ್ಲ, ಸರಿ ಬುಡು, ನಿನ್ನ ಸಮಾಧಾನಕ್ಕೆ ಸೋಮ್ವಾರ ರಕ್ತ ಪರೀಕ್ಷೆ ಮಾಡ್ಸಣ, ಆದ್ರೆ ಇವತ್ತಿಂದ ನೀರು ಕುಡೀಲಿಲ್ಲ ಅಂದ್ರೆ ಮಾತ್ರ ನಿಜವಾಗ್ಲೂ ಕಿಡ್ನಿ ಕೈ ಕೊಡ್ತದೆ, ಎಂದ. ವಿಜಯಮ್ಮ ಇಷ್ಟು ಹೊತ್ತು ತಡೆದಿದ್ದು ಈಗ ಉಕ್ಕಿತು, ಸಿದ್ದೇಶಣ್ಣಂಗೆ ಟಾರ್ಚು ಕೊಟ್ಟು ಬಂದ್ರಾ, ಟಾರ್ಚಿಗಿರೋ ಬೆಲೆ ನಂಗಿಲ್ವಾ, ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ, ಒಬ್ರೇ ಒಳಗೊಳಗೇ ಸಾಯ್ತಾ ಕೂತಿದ್ರಾ, ಎಂದು ಬೈಯುತ್ತ ಬೈಯುತ್ತ ಒಳಗೆ ಹೋಗಿ, ಹಿತ್ತಾಳೆ ಚೊಂಬಿನ ತುಂಬ ನೀರು ತಂದು ಅವನ ಮೂಗಿನ ಮುಂದೆ ಹಿಡಿದಳು, ಕುಡೀರಿ, ನನ್ನೆದುರ್ಗೇ ಕುಡೀರಿ. ಎತ್ತಿದ. ಮೊದಲ ಗುಟುಕು ಗಂಟಲಲ್ಲಿ ನಿಂತುಬಿಟ್ಟಿತು, ಭಯಕ್ಕೋ ಒಣಗಿದ್ದಕ್ಕೋ, ಆಮೇಲೆ ಇಳಿಯಿತು, ತಣ್ಣಗೆ ಎದೆಯ ಮೂಳೆಯ ಹಿಂದಿನಿಂದ ಜಾರಿ ಹೊಟ್ಟೆಗೆ ಮುಟ್ಟಿದ್ದು ಕೂಡ ತಿಳಿಯಿತು, ಅಬ್ಬಾ, ನೀರಿಗೆ ಇಷ್ಟು ರುಚಿ ಇತ್ತೇ, ಗಟಗಟ ಗಟಗಟ, ಗಡ್ಡದ ಮೇಲೆ, ಬನಿಯನ್ನಿನ ಮೇಲೆ, ನಿಲ್ಲಿಸದೆ ಚೊಂಬು ಬರಿದು ಮಾಡಿ ಉಸಿರು ಬಿಟ್ಟ. ಇನ್ನೊ‌ಂದು ಕಾಫಿ ಮಾಡ್ತೀಯಾ ಮಗ, ಎಂದ ಸೊಸೆಗೆ. ದಾಸವಾಳಕ್ಕಾ, ನಿಮಗಾ, ಎಂದಳು ರಂಜಿನಿ, ಮೂಗು ಏರಿಸಿಕೊಳ್ಳುತ್ತಲೇ ನಕ್ಕು ಒಳಗೆ ಓಡಿದಳು, ಮಧ್ಯಾಹ್ನಕ್ಕೆ ಬಸ್ಸಾರು ಮುದ್ದೆ ಮಾವ, ಎಂದು ಅಲ್ಲಿಂದಲೇ ಕೂಗಿದಳು.

ಈಗ ವರಾಂಡದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದಾನೆ, ಒಳಗೆ ನೆಲ ಒರೆಸುವ ಸದ್ದು, ವಿಜಯಮ್ಮನ ಬೈಗುಳ ಇನ್ನೂ ಮುಗಿದಿಲ್ಲ, ಮುಗಿಯುವುದೂ ಬೇಡ, ಕಿವಿಗೆ ಹಿತವಾಗಿದೆ, ಸೋನೆ ನಿಂತು ಎಳೆಬಿಸಿಲು ಬಿದ್ದಿದೆ, ಎರಡನೇ ಸಲದ ಕಾಫಿ, ಇದರ ಒಂದು ತೊಟ್ಟೂ ಕುಂಡಕ್ಕಿಲ್ಲ, ಕುಂಡದ ಗಿಡ ಬದುಕೀತು, ನೀರು ಬಸಿದು ಒಣಮಣ್ಣು ಹಾಕಬೇಕು. ಗೇಟು ಎತ್ತಿದರೆ ವಿಜಯಮ್ಮನನ್ನು ಕರೆದುಕೊಂಡು ಗೊರೂರಿಗೆ ಹೋಗಬೇಕು, ಕಟ್ಟೆಯ ಕೆಳಗೆ ನಿಂತರೆ ತುಂತುರು ಮುಖಕ್ಕೆ ಬಡಿಯುತ್ತದೆ, ಹಾಗೇ ಸಿದ್ದೇಶ್ವರನ ಮನೆಗೆ, ಟಾರ್ಚು, ಕೊಟ್ಟದ್ದನ್ನು ವಾಪಸು ಕೇಳುವುದು ಹೇಗಪ್ಪ, ಸೆಲ್ಲು ಹಾಕಿಸಿಕೊಡ್ತೀನಿ ತಾ ಎಂದರೆ ಆಯಿತು, ಅವನೇ ತಾನಾಗಿ ಎಸೆಯುತ್ತಾನೆ, ತಗಳಪ್ಪ ದಾನಶೂರ ಎಂದು ಊರಿಗೆಲ್ಲ ಹೇಳಿ ನಗುತ್ತಾನೆ, ನಗಲಿ. ಅಣ್ಣ ಇದ್ದಿದ್ದರೆ ಇನ್ನೂ ನಗುತ್ತಿದ್ದ, ತಮ್ಮಯ್ಯಾ, ತಕ್ಕಡಿ ನೋಡಿ ಸಾಯಾಕೆ ಒಂಟಿದ್ದೇನ್ಲಾ ಎಂದು ಬೆನ್ನಿಗೆ ಗುದ್ದುತ್ತಿದ್ದ — ಲೋಟ ಕೆಳಗಿಟ್ಟ. ಇನ್ನೂ ಒಂದು ಉಳಿದಿದೆ. ಸೋಮವಾರದವರೆಗೆ ಕಾಯಬಹುದು, ರಕ್ತ ಹೇಳುತ್ತದೆ, ಕಾಗದ ಹೇಳುತ್ತದೆ. ಪಂಚೆ ಮೊಣಕಾಲವರೆಗೆ ಎತ್ತಿದ. ಕಾಲು, ನರೆತ ಕೂದಲು, ಎಳೆಬಿಸಿಲು, ಎಂದೋ ಕಟ್ಟೆಯ ಮೇಲೆ ಜಾರಿ ಬಿದ್ದ ಗಾಯದ ಗುರುತು. ಮೂಳೆಯ ಮೇಲೆ ಹೆಬ್ಬೆರಳು ಇಟ್ಟ, ಆ ಡಾಕ್ಟರು ಇಟ್ಟ ಜಾಗಕ್ಕೇ, ಕಣ್ಣು ಮುಚ್ಚಿ, ಒತ್ತಿದ, ಇನ್ನೂ ಒತ್ತಿದ, ಅಲ್ಲೇ ಹಿಡಿದ, ಅಣ್ಣನ ಕಾಲು ಬೆಂಚಿನ ಮೇಲೆ ಚಾಚಿದೆ, ಗುಳಿ ಮೇಲೇಳುತ್ತಿಲ್ಲ, ಮೂವರೂ ನೋಡುತ್ತಿದ್ದಾರೆ, ಒಂದು ತೊಟ್ಟು ಎಣ್ಣೆ, ಒಂದು ಬತ್ತಿ — ಬೆರಳು ತೆಗೆದ, ಕಣ್ಣು ಬಿಟ್ಟ. ಬಿಳಿಚಿದ ಒಂದು ಚುಕ್ಕೆ. ಅದೂ ನೋಡನೋಡುತ್ತ ಕೆಂಪೇರಿ, ಸುತ್ತಲಿನ ಚರ್ಮದಲ್ಲಿ ಸೇರಿಹೋಯಿತು. ಪಕ್ಕದಲ್ಲಿ ಒತ್ತಿದ, ಅಲ್ಲೂ ಇಲ್ಲ. ಇನ್ನೊಂದು ಕಾಲು, ಅಲ್ಲೂ ಇಲ್ಲ. ಇಲ್ಲ ಕಣಣ್ಣ, ಎಣ್ಣೆ ನಿಲ್ಲೋಕೆ ಜಾಗ ಇಲ್ಲ. ಮತ್ತೆ ಒತ್ತಿದ, ಮತ್ತೆ ತೆಗೆದ. ಜಾಗ ಇಲ್ಲ.